ಚಹದ ಗಿಂಡಿಯೂ ಈಯದ ಚೊಂಬೂ

(ಪಾಂಡವಪುರದಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಈ ಮೇಜಿನ ಮೇಲೆ ಎರಡು ಪಾತ್ರೆಗಳನ್ನು ಇರಿಸಿದ್ದೇವೆ. ಒಂದು ಚಹದ ಗಿಂಡಿ, ಮತ್ತೊಂದು ಸಾರಿನ ಚೊಂಬು. ಗಿಂಡಿಯು ಇಂಗ್ಲಂಡಿನಿಂದ ಬಂದದ್ದು. ಚೊಂಬು ಇಲ್ಲಿಗೆ ಕೆಲವೇ ಹರದಾರಿಯ ಮೇಲಿರುವ ಮೇಲುಕೋಟೆಯ ಒಂದು ಅಡಿಗೆಮನೆಯಿಂದ ಬಂದದ್ದು. ಆಹ್ವಾನಪತ್ರಿಕೆಯಲ್ಲಿ ನಮ್ಮ ವಿಷಯವನ್ನು 'ಹಳೆಯ ಪರದೇಶೀ ಪಾತ್ರೆಗಳು' ಎಂದು ಅಚ್ಚುಹಾಕಿಸಿದ್ದಾರೆ. ಅದು ಅರ್ಧ ಮಾತ್ರ ಸರಿ. ಈ ಎರಡೂ ಒಂದೇ ಲೋಹದ ಮಕ್ಕಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬನಿಗೆ ಲೋಕವೆಲ್ಲ ಅಂಗಡಿಯಾಯಿತು, ಮತ್ತೊಬ್ಬಳು ಅಡಿಗೆಮನೆಯ ಮೂಲೆಯಲ್ಲಿಯೇ ಉಳಿದಳು. ಹೀಗೇಕಾಯಿತೆಂಬುದನ್ನು ತಿಳಿದಷ್ಟು ನಿವೇದಿಸುತ್ತೇವೆ.

ಮೊದಲು ಗಿಂಡಿಯನ್ನು ನೋಡೋಣ. ಇದನ್ನು ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ತೂಕದ ಬೆಲೆಗೆ ಕೊಂಡೆವು. ಬೆಳ್ಳಿಯೆಂದು ಭ್ರಮಿಸುವಂತೆ ಬಿಳಿಚಿಕೊಂಡಿದೆ, ಆದರೆ ಬೆಳ್ಳಿಯ ನಾದವಿಲ್ಲ. ಉಗುರಿನಿಂದ ತಟ್ಟಿದರೆ ಮಂದವಾದ ಸದ್ದು ಬರುತ್ತದೆ. ಹಿಡಿಯು ಮರದ್ದು, ಏಕೆಂದರೆ ಲೋಹದ ಹಿಡಿಯು ಬಿಸಿ ಚಹದಿಂದ ಕೈಸುಡುವುದು. ಬುಡವನ್ನು ತಿರುಗಿಸಿ ನೋಡಿದರೆ 'ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್' ಎಂಬ ಮುದ್ರೆಯಿದೆ. ಇದು ಶೆಫೀಲ್ಡ್ ಪಟ್ಟಣದ ಕಾರ್ಖಾನೆ; 1806ರಲ್ಲಿ ಆರಂಭವಾಗಿ, 1830ರ ದಶಕದಲ್ಲಿ 'ಅಂಡ್ ಸನ್ಸ್' ಎಂಬ ಬಾಲವನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು. ಆದುದರಿಂದ ಈ ಗಿಂಡಿಯು ಅದಕ್ಕಿಂತ ಹಿಂದಿನದಾಗಲಾರದು. ನೋಡಿ, ಎರಡು ಪದಗಳ ಮುದ್ರೆಯೊಂದು ಪಾತ್ರೆಯ ಜಾತಕವನ್ನೇ ಬರೆದಿಟ್ಟಿದೆ.

ಇನ್ನು ಚೊಂಬು. ಇದನ್ನು ಶ್ರೀವೈಷ್ಣವರ ಮನೆಗಳಲ್ಲಿ ಈಯದ ಚೊಂಬು ಎನ್ನುತ್ತಾರೆ. ಇದರಲ್ಲಿ ಕಾಸಿದ ಸಾರಿನ ರುಚಿಯೇ ಬೇರೆಯೆಂದು ಹಿರಿಯರು ಹೇಳುತ್ತಾರೆ. ಅದು ನಿಜವೋ ಅಭಿಮಾನವೋ, ನಮ್ಮ ನಾಲಗೆಯನ್ನು ಸಾಕ್ಷಿಗೆ ಕರೆದರೆ ನಿಜವೆಂದೇ ಹೇಳುವುದು. ಇದನ್ನು ಬರಿದಾಗಿ ಒಲೆಯ ಮೇಲಿಟ್ಟರೆ ಕೆಲವೇ ಕ್ಷಣಗಳಲ್ಲಿ ಕರಗಿ ಹರಿದುಹೋಗುತ್ತದೆ. ಹೊಸ ಸೊಸೆಯು ಮನೆಗೆ ಬಂದಾಗ ಅತ್ತೆಯು ಮೊದಲು ಹೇಳುವ ಎಚ್ಚರಿಕೆಯೇ ಇದು. ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ತಾಮ್ರಕ್ಕೆ 1085 ಡಿಗ್ರಿ ಬೇಕು. ಒಳಗೆ ನೀರಿರುವವರೆಗೆ ಶಾಖವು 100 ಡಿಗ್ರಿಯ ಆಚೀಚೆ ನಿಲ್ಲುವುದರಿಂದ ಚೊಂಬು ಬದುಕುತ್ತದೆ. ನಮ್ಮ ಅಜ್ಜಿಯರು ಪಾಠಶಾಲೆಗೆ ಹೋಗದೆಯೇ ಈ ಭೌತವಿಜ್ಞಾನವನ್ನು ಪ್ರತಿದಿನ ಪ್ರಯೋಗಿಸುತ್ತಿದ್ದರು.

ಈ ಚೊಂಬು ಬಹುಮಟ್ಟಿಗೆ ಶುದ್ಧ ತವರ. ಇಂಗ್ಲೀಷರು ಪ್ಯೂಟರ್ ಎಂದು ಕರೆಯುವ ಲೋಹವೂ ತವರವೇ; ಗಟ್ಟಿಯಾಗಲೆಂದು ಅದಕ್ಕೆ ಸ್ವಲ್ಪ ತಾಮ್ರವನ್ನೂ ಆಂಟಿಮನಿಯನ್ನೂ, ಅಗ್ಗವಾಗಲೆಂದು ಸೀಸವನ್ನೂ ಬೆರೆಸುತ್ತಿದ್ದರು. ಸೀಸವು ದೇಹಕ್ಕೆ ವಿಷ. ಆದಕಾರಣ ಹಳೆಯ ಪ್ಯೂಟರಿನ ಪಾತ್ರೆಯಲ್ಲಿ ಹುಳಿಯನ್ನು ಇಡಬಾರದು. ಈಗ ಪೇಟೆಯಲ್ಲಿ ಈಯದ್ದೆಂದು ಮಾರುವ ಚೊಂಬನ್ನು ಕೊಳ್ಳುವವರೂ ಅದರಲ್ಲಿ ಸೀಸವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ಈ ಗಿಂಡಿಯಲ್ಲಿ ಸೀಸವಿಲ್ಲದ, ಬ್ರಿಟಾನಿಯಾ ಲೋಹವೆಂಬ ಉತ್ತಮ ಜಾತಿಯ ಪ್ಯೂಟರ್ ಇದೆ. ಹಳೆಯ ಪ್ಯೂಟರನ್ನು ಅಚ್ಚಿಗೆ ಎರೆದು ಕಡೆಯುತ್ತಿದ್ದರು. ಇದನ್ನಾದರೋ ತಗಡಾಗಿ ಉರುಳೆಯಲ್ಲಿ ತೆಳುಮಾಡಿ, ಯಂತ್ರದಲ್ಲಿ ಒತ್ತಿ ಆಕಾರಕ್ಕೆ ತಂದು ಬೆಸೆಯುತ್ತಿದ್ದರು. ಒಬ್ಬ ಕುಶಲಿಯು ಒಂದು ಗಿಂಡಿಯನ್ನು ಎರೆಯುವಷ್ಟರಲ್ಲಿ ಕಾರ್ಖಾನೆಯಿಂದ ಹತ್ತಾರು ಹೊರಬೀಳುತ್ತಿದ್ದುವು.

ಮಹನೀಯರೆ, ಈ ಲೋಹದ ವ್ಯಾಪಾರದಲ್ಲಿ ಒಂದು ಜಾಣತನವಿತ್ತು. ಲಂಡನ್ನಿನ ಪ್ಯೂಟರ್ ಕೆಲಸಗಾರರ ಶ್ರೇಣಿಗೆ 1474ರಲ್ಲಿಯೇ ರಾಜಸನ್ನದು ದೊರೆತಿತ್ತು. ಯಾರು ಮಾಡಿದರೆಂಬುದು ತಿಳಿಯಲು ಪ್ರತಿಯೊಬ್ಬ ಯಜಮಾನನೂ ತನ್ನ ಮುದ್ರೆಯನ್ನು ಶ್ರೇಣಿಯ ಫಲಕದ ಮೇಲೆ ಒತ್ತಿಡಬೇಕಾಗಿತ್ತು; 1666ರ ಮಹಾಗ್ನಿಯಲ್ಲಿ ಹಳೆಯ ಫಲಕಗಳು ಹಾಳಾದ ಮೇಲೆ ಹೊಸದಾಗಿ ಆರಂಭಿಸಿದವು ಇಂದಿಗೂ ಉಳಿದಿವೆ. ಅದು ಒಳ್ಳೆಯ ಏರ್ಪಾಡು. ಆದರೆ ಅದೇ ಕೈಗಳು ಅಮೆರಿಕೆಯ ವಸಾಹತುಗಳ ವಿಷಯದಲ್ಲಿ ಮತ್ತೊಂದು ಏರ್ಪಾಡನ್ನು ಮಾಡಿದುವು. ಗಟ್ಟಿ ತವರವು ಇಂಗ್ಲಂಡಿನಿಂದ ಹೊರಹೋಗುವುದಾದರೆ ಸುಂಕದ ಭಾರ; ಮಾಡಿಮುಗಿಸಿದ ಪಾತ್ರೆಯು ಹೋಗುವುದಾದರೆ ಹಾದಿ ಸುಗಮ. ಇದರ ಫಲವೇನೆಂದರೆ, ಬಾಸ್ಟನ್ನಿನಲ್ಲಿಯೂ ಫಿಲಡೆಲ್ಫಿಯಾದಲ್ಲಿಯೂ ನಿಪುಣರಾದ ಕೆಲಸಗಾರರಿದ್ದರೂ ಅವರ ಕೈಗೆ ಹೊಸ ತವರ ಸಿಕ್ಕುತ್ತಿರಲಿಲ್ಲ. ಜನರು ತಂದುಕೊಟ್ಟ ಮುರಿದ ತಟ್ಟೆಗಳನ್ನು ಕರಗಿಸಿ ಮತ್ತೆ ತಟ್ಟೆಮಾಡಿಕೊಡುವುದೇ ಅವರ ಮುಖ್ಯ ಕಸುಬಾಯಿತು. ಫಿಲಡೆಲ್ಫಿಯಾದ ವಿಲಿಯಂ ವಿಲ್ ಎಂಬಾತನು ಮಾಡಿದ ಚಹದ ಗಿಂಡಿಗಳು ಇಂದು ಅಮೆರಿಕೆಯ ವಸ್ತುಸಂಗ್ರಹಾಲಯಗಳಲ್ಲಿ ರತ್ನಗಳಂತೆ ಕಾಪಾಡಲ್ಪಟ್ಟಿವೆ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ; ಆ ಚಹವನ್ನು ಕಾಸುವ ಗಿಂಡಿಯ ಕಥೆಯನ್ನು ಯಾರೂ ಹೇಳುವುದಿಲ್ಲ.

ಇದೇ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಏನು ನಡೆಯುತ್ತಿತ್ತು? ನಾವು ಸೇರಿರುವ ಈ ಊರಿಗೆ ಹಿರೋಡೆಯೆಂದು ಹೆಸರಿತ್ತು. ಹೈದರನ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಇಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದುದರಿಂದ ಇಂಗ್ಲೀಷರ ನಕ್ಷೆಗಳಲ್ಲಿ ಇದು 'ಫ್ರೆಂಚ್ ರಾಕ್ಸ್' ಆಯಿತು. ರೈಲುನಿಲ್ದಾಣಕ್ಕೂ ಬಹುಕಾಲ ಅದೇ ಹೆಸರು. ಪರದೇಶದವರ ಹೆಸರು ನಮ್ಮ ಬಂಡೆಗೆ ಅಂಟಿದ್ದಕ್ಕೆ ಕೆಲವರು ಬೇಸರಪಡುವುದುಂಟು. ನಮಗೆ ಅಷ್ಟೊಂದು ಬೇಸರವಿಲ್ಲ; ಏಕೆಂದರೆ ಆ ಹೆಸರಿನ ಹಿಂದೆ ಒಂದು ಸ್ವಾರಸ್ಯವಾದ ಸಂಗತಿಯಿದೆ.

1788ರಲ್ಲಿ ಟಿಪ್ಪುವಿನ ಮೂವರು ರಾಯಭಾರಿಗಳು ಫ್ರಾನ್ಸಿನ ತೂಲೋನ್ ಬಂದರಿನಲ್ಲಿ ಇಳಿದು, ಆಗಸ್ಟ್ ತಿಂಗಳಿನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ದಂಡಿನ ನೆರವನ್ನು ಬೇಡಿದರು, ಅದು ದೊರೆಯಲಿಲ್ಲ. ಅರಸನು ಸೇವ್ರ್ ಕಾರ್ಖಾನೆಯ ಬಲು ಬೆಲೆಯ ಪಿಂಗಾಣಿಯನ್ನು ಉಡುಗೊರೆಯಾಗಿ ಕೊಟ್ಟನು. ಆದರೆ ಶ್ರೀರಂಗಪಟ್ಟಣದಿಂದ ಹೋದ ಕೋರಿಕೆಯ ಪಟ್ಟಿಯಲ್ಲಿ ಪಿಂಗಾಣಿಗಿಂತ ಹೆಚ್ಚಾಗಿ ಇದ್ದದ್ದು ಪಿಂಗಾಣಿಯನ್ನು ಮಾಡಬಲ್ಲ ಮನುಷ್ಯರು. ಫಿರಂಗಿ ಎರೆಯುವವರು, ಬಂದೂಕು ಮಾಡುವವರು, ಗಾಜಿನವರು, ಗಡಿಯಾರದವರು, ವೈದ್ಯರು, ತೋಟಗಾರರು — ಇಂಥವರನ್ನು ಕಳುಹಿಸಿಕೊಡಿರೆಂದು ಬೇಡಿಕೆ. ಟಿಪ್ಪುವಿನ ಆಳಿಕೆಯ ಗುಣದೋಷಗಳನ್ನು ಕುರಿತು ನಮ್ಮಲ್ಲಿ ವಾದವಿದೆ, ಇರಲಿ. ಆ ವಾದಕ್ಕೆ ಇದು ಸ್ಥಳವಲ್ಲ. ಈ ಒಂದು ವಿಷಯವನ್ನು ಮಾತ್ರ ಒಪ್ಪಬೇಕು. ಪಾತ್ರೆಯನ್ನು ಕೊಂಡವನು ನಾಳೆ ಮತ್ತೆ ಅಂಗಡಿಗೆ ಹೋಗಬೇಕು. ಪಾತ್ರೆಯವನನ್ನು ಕರೆತಂದವನು ಹೋಗಬೇಕಾಗಿಲ್ಲ ಎಂಬ ಲೆಕ್ಕವು ಶ್ರೀರಂಗಪಟ್ಟಣದಲ್ಲಿ ತಿಳಿದಿತ್ತು. ಗಂಧ, ಮೆಣಸು, ಏಲಕ್ಕಿಗಳನ್ನು ಮಾರಲು ಮಸ್ಕತ್ತಿನಲ್ಲಿ ಸ್ವಂತ ಕೋಠಿಯನ್ನು ಇಟ್ಟದ್ದೂ ಇದೇ ಲೆಕ್ಕದಿಂದಲೇ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಸಿಂಹಾಸನವನ್ನು ಒಡೆದು ಚೂರುಮಾಡಿ ಹಂಚಿಕೊಂಡರು. ಅರಮನೆಯ ವಸ್ತುಗಳು ಹಡಗೇರಿದುವು. ಮನುಷ್ಯನ ಮೇಲೆ ಎರಗಿದ ಮರದ ಹುಲಿಯ ಯಂತ್ರವು ಇಂದಿಗೂ ಲಂಡನ್ನಿನಲ್ಲಿದೆ. ಲೂಟಿಯ ವಿಷಯವು ಎಲ್ಲರಿಗೂ ಗೊತ್ತು. ಅದು ಒಂದೇ ವಾರದ ಮಾತು. ಅನಂತರದ ನೂರು ವರ್ಷಗಳಲ್ಲಿ ಸದ್ದಿಲ್ಲದೆ ಹೋದದ್ದು ಏನೆಂಬುದೇ ನಮ್ಮ ಇಂದಿನ ವಿಷಯ.

ಇಲ್ಲಿ ಒಂದು ತಪ್ಪುತಿಳಿವಳಿಕೆಗೆ ಅವಕಾಶವಾಗಬಾರದು. ಪರದೇಶದ ವಸ್ತು ಬಂದದ್ದೇ ಕೇಡೆಂದು ನಾವು ಹೇಳುತ್ತಿಲ್ಲ. ಕನ್ನಡನಾಡಿನಲ್ಲಿ ತಾಮ್ರದ ಅದಿರು ಉಂಟು. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ಪುರಾತನರು ತೋಡಿದ ಗಣಿಗಳ ಗುರುತುಗಳಿವೆ. ತವರವು ಮಾತ್ರ ಬಳಕೆಗೆ ಸಾಲುವಷ್ಟು ಇಲ್ಲ. ಆದರೆ ದೇವಾಲಯದ ಗಂಟೆಯ ಕಂಚಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ತವರವಿರಬೇಕು, ಇಲ್ಲದಿದ್ದರೆ ಗಂಟೆಯು ನುಡಿಯುವುದಿಲ್ಲ. ಆ ತವರವು ಮಲಯ ದೇಶದಿಂದಲೂ ಅದರ ಆಚೆಯ ದ್ವೀಪಗಳಿಂದಲೂ ಕಡಲಿನ ಮೇಲೆ ಬರುತ್ತಿತ್ತು. 'ಕಲಾಯಿ' ಎಂಬ ನಮ್ಮ ಮನೆಮಾತು ಅರಬ್ಬೀ ವರ್ತಕರ ನಾಲಗೆಯಿಂದ ಬಂದದ್ದು. ಮಲಯದ ಕಡಲತೀರದ ಕಲಾಹ್ ಎಂಬ ಬಂದರಿನ ಹೆಸರು ಅದರಲ್ಲಿ ಅಡಗಿದೆಯೆಂದು ಪಂಡಿತರು ಹೇಳುತ್ತಾರೆ. ಬೀದಿಯಲ್ಲಿ ತಿದಿಯನ್ನು ಹೂಡಿ, ತಾಮ್ರದ ಹಂಡೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರವನ್ನು ಚಿಮುಕಿಸಿ, ಬಿಳಿಯ ಹೊಗೆಯ ನಡುವೆ ತವರದ ಕಡ್ಡಿಯನ್ನು ಮುಟ್ಟಿಸಿ ಹತ್ತಿಯಿಂದ ಒಂದೇ ಸಲ ಒರೆಸಿದಾಗ, ಕೆಂಪು ಪಾತ್ರೆಯ ಒಳಗೆ ಬೆಳುದಿಂಗಳು ಹರಡಿದಂತಾಗುವುದನ್ನು ಇಲ್ಲಿರುವ ಹಿರಿಯರೆಲ್ಲರೂ ಬಾಲ್ಯದಲ್ಲಿ ಸುತ್ತ ಕುಳಿತು ನೋಡಿದ್ದಾರೆ. ಹಾಗಿರುವಲ್ಲಿ ತವರದ ವ್ಯಾಪಾರವು ನಮಗೆ ಹೊಸದಾಗಿರಲಿಲ್ಲ. ಗಟ್ಟಿಯು ಬರುತ್ತಿತ್ತು, ಬುದ್ಧಿಯೂ ಕೈಯೂ ಇಲ್ಲಿಯವೇ ಆಗಿದ್ದುವು. ಕೂಲಿಯು ಊರಿನಲ್ಲಿಯೇ ಉಳಿಯುತ್ತಿತ್ತು.

ಈ ಕೈಗಳು ಎಲ್ಲಿದ್ದುವೆಂದು ಕೇಳಿದರೆ, ಬಹುದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ನಾಗಮಂಗಲವು ಕಂಚು ಹಿತ್ತಾಳೆಗಳ ಎರಕಕ್ಕೆ ಹೆಸರಾಗಿತ್ತು. ಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಅದರ ಮೇಲೆ ಮಣ್ಣನ್ನು ಮೆತ್ತಿ, ಕಾಯಿಸಿ ಮೇಣವನ್ನು ಇಳಿಸಿ, ಆ ಬರಿದಾದ ಜಾಗಕ್ಕೆ ಕರಗಿದ ಲೋಹವನ್ನು ಎರೆಯುವ ವಿದ್ಯೆಯನ್ನು ಅಲ್ಲಿಯ ಕುಶಲಿಗಳು ತಂದೆಯಿಂದ ಮಗನಿಗೆ ಕಲಿಸುತ್ತಿದ್ದರು. ಶ್ರವಣಬೆಳಗೊಳದಲ್ಲಿ ಬೋಗಾರರು ಹಿತ್ತಾಳೆಯ ಪಾತ್ರೆಗಳನ್ನು ಮಾಡುತ್ತಿದ್ದರು. ಚನ್ನಪಟ್ಟಣದಲ್ಲಿ ವೀಣೆಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದರೆಂದು 1800ರಲ್ಲಿ ಈ ಸೀಮೆಯನ್ನೆಲ್ಲ ಸುತ್ತಿದ ಬುಕನನ್ ಸಾಹೇಬನು ಬರೆದಿದ್ದಾನೆ. ಇಷ್ಟೆಲ್ಲವೂ ಒಂದೆರಡು ದಿನದ ಪ್ರಯಾಣದೊಳಗೆ.

ಇವರ ಕಸುಬಿನ ಮೇಲೆ ಯಾರೂ ದಂಡೆತ್ತಿ ಬರಲಿಲ್ಲ. ಮೊದಲು ಕುಂಪಣಿಯ ಹಡಗುಗಳಲ್ಲಿ ಇಂಗ್ಲಂಡಿನ ತಾಮ್ರ ಬಂದಿತು. ಬಳಿಕ ತಾಮ್ರದ ಮತ್ತು ಹಿತ್ತಾಳೆಯ ತಗಡು ಬಂದಿತು. ಅಂದಮೇಲೆ ಎರೆಯುವ ಕೆಲಸ ಹೋಗಿ ಬಡಿಯುವ ಕೆಲಸವಷ್ಟೇ ಉಳಿಯಿತು. ಬಳಿಕ ಶೆಫೀಲ್ಡಿನ ಗಿಂಡಿಯೂ ಜರ್ಮನ್ ಸಿಲ್ವರ್ ತಟ್ಟೆಯೂ ಬಂದುವು. ಬಡಿಯುವ ಕೆಲಸವೂ ಹೋಗಿ ಮಾರುವ ಕೆಲಸ ಉಳಿಯಿತು. ಅಮೆರಿಕೆಯಲ್ಲಿ ಸುಂಕದಿಂದ ಮಾಡಿದ್ದನ್ನು ಇಲ್ಲಿ ಯಂತ್ರವೂ ರೈಲೂ ಮಾಡಿದುವು. ಆದರೆ ಎಲ್ಲ ತಪ್ಪನ್ನೂ ಪರಕೀಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪರದೇಶದ ಗಿಂಡಿಯನ್ನು ಮೊದಲು ಮೇಜಿನ ಮೇಲಿಟ್ಟು ಮೆರೆದವರು ನಮ್ಮ ಅಧಿಕಾರಿಗಳೂ ಶ್ರೀಮಂತರೂ. ವಿದ್ಯೆಯನ್ನು ತನ್ನ ಮನೆಯ ಹೊಸ್ತಿಲಾಚೆಗೆ ದಾಟಗೊಡದವರೂ ನಮ್ಮವರೇ. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸಲು ತೊಡಗಿ, ಪಾತ್ರೆಯ ಕೆಲಸಗಾರರಿಗೆ ಹೊಸ ಲೋಹವನ್ನು ಕಲಿಸಿದವರು ಆಲ್‌ಫ್ರೆಡ್ ಚಾಟರ್‌ಟನ್ ಎಂಬ ಇಂಗ್ಲೀಷರು! ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರೂ ಆದರು. ಅವರ ಅಗ್ಗದ ಅಲ್ಯೂಮಿನಿಯಂ ನಮ್ಮ ಕಂಚನ್ನು ಮತ್ತಷ್ಟು ಮೂಲೆಗೆ ತಳ್ಳಿತೆಂಬುದು ಬೇರೆ ಮಾತು.

ಗಟ್ಟಿಯನ್ನು ಕೊಟ್ಟು ಸಿದ್ಧವಸ್ತುವನ್ನು ಕೊಳ್ಳುವ ಈ ಹಾದಿಯು ತಿರುಗಿಸಲಾರದ್ದೇನೂ ಅಲ್ಲ. ನಮ್ಮ ಗಂಧದ ಮರವು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧದಿಂದ ಆ ದಾರಿ ಮುಚ್ಚಿದಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1916ರಲ್ಲಿ ಬೆಂಗಳೂರಿನಲ್ಲಿಯೇ ಎಣ್ಣೆಯನ್ನು ತೆಗೆಯಲಾರಂಭಿಸಿದರು. ಗಂಧಕ್ಕೆ ಒಬ್ಬ ದಿವಾನರು ಸಿಕ್ಕಿದರು, ಕಂಚಿಗೆ ಸಿಕ್ಕಲಿಲ್ಲ.

ಇನ್ನು ಬೀದರಿನ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಬಿದರಿಯೂ ಪ್ಯೂಟರಿನಂತೆಯೇ ಸುಲಭವಾಗಿ ಕರಗುವ ಬಿಳಿ ಲೋಹದ ಎರಕ. ಆದರೆ ಅಲ್ಲಿ ತವರದ ಬದಲು ಸತು ಪ್ರಧಾನ, ಸ್ವಲ್ಪ ತಾಮ್ರ. ಎರೆದ ಪಾತ್ರೆಯ ಮೇಲೆ ಚಿತ್ರವನ್ನು ಕೊರೆದು ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯೊಳಗಿನ ಹಳೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದರೆ, ಸತುವು ಕಾಡಿಗೆಯಂತೆ ಕಪ್ಪಾಗಿ ಬೆಳ್ಳಿಯು ಮಾತ್ರ ಹೊಳೆಯುತ್ತದೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇದನ್ನು ನೋಡಿ ಪಾಶ್ಚಾತ್ಯರು ಬೆರಗಾದರು. ಆ ಮೇಲೆ ಹುಕ್ಕದ ಬುಡವನ್ನು ಮಾಡುತ್ತಿದ್ದ ಕೈಗಳು ಅವರ ಮೇಜಿಗೆ ಹೂದಾನಿಗಳನ್ನು ಮಾಡಲಾರಂಭಿಸಿದುವು. ಬೇಡಿಕೆಗೆ ತಕ್ಕಂತೆ ಆಕಾರವು ಬದಲಾಯಿತು, ವಿದ್ಯೆಯು ಉಳಿಯಿತು. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಬೀದರಿನವರು ಇಷ್ಟನ್ನು ಸಾಧಿಸಿದ ಮೇಲೆ ನಾಗಮಂಗಲವು ಏಕೆ ಹಿಂದುಳಿಯಿತೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಒಂದು ಕಾರಣವನ್ನು ಮಾತ್ರ ಹೇಳಬಲ್ಲೆವು. 1956ರ ನವೆಂಬರ್ 1ರವರೆಗೆ ಬೀದರಿನ ಕುಶಲಿಯು ಹೈದರಾಬಾದಿಗೂ, ತವರವು ಇಳಿಯುತ್ತಿದ್ದ ಮಂಗಳೂರು ಬಂದರು ಮದರಾಸಿಗೂ, ನಾಗಮಂಗಲವು ಮೈಸೂರಿಗೂ ಸೇರಿದ್ದುವು. ಕನ್ನಡದ ಕಂಚುಗಾರರೆಲ್ಲರ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುವವರೇ ಇರಲಿಲ್ಲ. ಆ ಗೋಡೆಗಳು ಬಿದ್ದು ಇಷ್ಟು ಕಾಲವಾಯಿತು. ಪುಸ್ತಕ ಮಾತ್ರ ಇನ್ನೂ ಬರೆಯಲ್ಪಟ್ಟಿಲ್ಲವಾದರೆ ಅದಕ್ಕೆ ಹೊಣೆ ನಾವೇ.

ಈಗ ಮತ್ತೆ ಈ ಎರಡು ಪಾತ್ರೆಗಳ ಬುಡವನ್ನು ತಿರುಗಿಸಿ ನೋಡೋಣ. ಗಿಂಡಿಯ ಬುಡದಲ್ಲಿ ಮಾಡಿದವನ ಹೆಸರಿದೆ. ಚೊಂಬಿನ ಬುಡದಲ್ಲಿ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಕೊರೆದ ಮೂರು ಕನ್ನಡ ಅಕ್ಷರಗಳಿವೆ; ಅವು ಕೊಂಡ ಮನೆಯವರ ಗುರುತು. ನಮ್ಮ ಪಾತ್ರೆಗಳೆಲ್ಲವೂ ಹೀಗೆಯೇ. ಮದುವೆಯಲ್ಲಿ ಕೊಟ್ಟವರ ಹೆಸರಿರುತ್ತದೆ, ಮನೆತನದ ಹೆಸರಿರುತ್ತದೆ, ಛತ್ರದ ಹೆಸರಿರುತ್ತದೆ. ಶ್ರೀರಂಗನಾಥನ ಗುಡಿಗೆ ಟಿಪ್ಪುವು ಬೆಳ್ಳಿಯ ಬಟ್ಟಲುಗಳನ್ನು ಕೊಟ್ಟನೆಂಬುದು ನಮಗೆ ಗೊತ್ತು. ಅವನ್ನು ಬಡಿದ ಅಕ್ಕಸಾಲಿಗನ ಹೆಸರು ಗೊತ್ತಿಲ್ಲ. ಇದು ನಮ್ಮ ಪುರಾತನ ಪದ್ಧತಿಯೆಂದು ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. ಸೋಮನಾಥಪುರದಲ್ಲಿ, ಹದಿಮೂರನೆಯ ಶತಮಾನದಲ್ಲಿಯೇ, ರೂವಾರಿ ಮಲ್ಲಿತಮ್ಮನು ತಾನು ಕಡೆದ ವಿಗ್ರಹಗಳ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿ ಕೊರೆದಿದ್ದಾನೆ. ಕಲ್ಲಿನವನಿಗೆ ಇದ್ದ ಧೈರ್ಯವು ಕಂಚಿನವನಿಗೆ ಏಕಿಲ್ಲವಾಯಿತೋ! ಹೆಸರಿಲ್ಲದ ಪಾತ್ರೆಗೆ ಪೇಟೆಯಲ್ಲಿ ತೂಕದ ಬೆಲೆಯೊಂದೇ. ಮುದ್ರೆಯಿರುವ ಗಿಂಡಿಯನ್ನು ಹುಡುಕಿಕೊಂಡು ಸಂಗ್ರಾಹಕರು ಸಮುದ್ರದಾಚೆಯಿಂದ ಬರುತ್ತಾರೆ. ನಾಗಮಂಗಲದ ಕಂಚಿನ ತಂಬಿಗೆಯು ಗುಜರಿಯವನ ತಕ್ಕಡಿಯನ್ನು ಏರಿ, ಕುಲುಮೆಯಲ್ಲಿ ಕರಗಿ, ನಲ್ಲಿಯ ತಿರುಪಾಗಿ ಹಿಂದಿರುಗುತ್ತದೆ. ಕಳೆದ ವರ್ಷ ಒಬ್ಬ ಪರಿಚಿತರ ಮನೆಯಲ್ಲಿ ಅಟ್ಟವನ್ನು ಖಾಲಿಮಾಡಿಸಿದಾಗ ಮೂರು ತಲೆಮಾರಿನ ಪಾತ್ರೆಗಳು ಒಂದೇ ಮಧ್ಯಾಹ್ನದಲ್ಲಿ ಹೊರಟುಹೋದುವು. ನಾವು ಹೋಗಿ ತಲಪುವಷ್ಟರಲ್ಲಿ ಬಾಗಿಲ ಬಳಿ ಈ ಚೊಂಬೊಂದು ಉಳಿದಿತ್ತು. ತವರವೆಂದು ಗೊತ್ತಾಗದೆ, ಹಗುರವಾದ ಹೀನಲೋಹವೆಂದು ಗುಜರಿಯವನು ಬಿಟ್ಟುಹೋಗಿದ್ದನು.

ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಶಾಲೆಯಲ್ಲಿಯೂ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದಾರೆ. ಬರುವ ರಜೆಯಲ್ಲಿ ಒಬ್ಬೊಬ್ಬ ಮಗುವೂ ತನ್ನ ಮನೆಯ ಹಳೆಯ ಪಾತ್ರೆಗಳ ಬುಡವನ್ನು ತಿರುಗಿಸಿ ನೋಡಿ, ಅಲ್ಲಿರುವ ಅಕ್ಷರಗಳನ್ನು ಬರೆದುಕೊಳ್ಳಲಿ. ಪಾತ್ರೆಯ ಹೆಸರೇನು, ಯಾವ ಲೋಹ, ಯಾವ ಊರಿನಲ್ಲಿ ಕೊಂಡದ್ದು, ಮಾಡಿದವರು ಯಾರೆಂದು ಅಜ್ಜಿಗೆ ನೆನಪಿದೆಯೆ ಎಂದು ಕೇಳಲಿ. ಸಾಧ್ಯವಾದರೆ ಒಂದು ಛಾಯಾಚಿತ್ರ. ಇದಕ್ಕೆ ಸರಕಾರದ ಹಣವೂ ಬೇಡ, ಸಮಿತಿಯೂ ಬೇಡ. ಒಂದು ನೋಟುಪುಸ್ತಕ ಸಾಕು. ನಾಗಮಂಗಲದ ಕಡೆಯವರು ಎರಕದ ಮನೆಗಳಲ್ಲಿ ವಯಸ್ಸಾದವರು ಇದ್ದರೆ ಮೊದಲು ಅವರಲ್ಲಿಗೆ ಹೋಗಲಿ; ಪಾತ್ರೆಯು ಇನ್ನೂ ಹತ್ತು ವರ್ಷ ಕಾದೀತು, ಅವರು ಕಾಯಲಾರರು. ಬಂದ ಪಟ್ಟಿಗಳನ್ನು ಒಟ್ಟುಗೂಡಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.

ಸಭೆಯು ಮುಗಿದ ಮೇಲೆ ಈ ಎರಡು ಪಾತ್ರೆಗಳೂ ಸ್ವಲ್ಪ ಹೊತ್ತು ಇಲ್ಲಿಯೇ ಇರುತ್ತವೆ. ಮುಂದೆ ಬಂದು ಕೈಯಲ್ಲಿ ಹಿಡಿದು ತೂಗಿ ನೋಡಬಹುದು, ಬುಡವನ್ನು ತಿರುಗಿಸಿ ಓದಬಹುದು. ಹೊರಗಿನ ಚಪ್ಪರದಲ್ಲಿ ಕಾಫಿಯನ್ನು ಕಾಸುತ್ತಿರುವ ತರುಣರಿಗೆ ಮಾತ್ರ ಒಂದು ಮಾತು: ಪಾತ್ರೆ ಸಾಲದಿದ್ದರೆ ಬೇರೆ ಯಾವುದನ್ನಾದರೂ ತರಿಸಿಕೊಳ್ಳಿ, ದಯವಿಟ್ಟು ಈ ಚೊಂಬನ್ನು ಒಲೆಯ ಬಳಿಗೆ ಒಯ್ಯಬೇಡಿ.